ಯಾರ ಋಣ, ಯಾರ ಕೈ

ಪಂಢರಪುರದ ವಿಠಲ ಸೊಂಟದ ಮೇಲೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತಿರುವುದಕ್ಕೆ ಭಕ್ತರು ಒಂದು ಕತೆ ಹೇಳುತ್ತಾರೆ. ದೇವರು ಬಾಗಿಲಿಗೆ ಬಂದಾಗ ಪುಂಡಲೀಕ ಅಪ್ಪ ಅಮ್ಮನ ಕಾಲೊತ್ತುತ್ತಿದ್ದ. ಕೆಲಸ ಬಿಟ್ಟು ಏಳಲಿಲ್ಲ. ಕೈಗೆ ಸಿಕ್ಕ ಇಟ್ಟಿಗೆಯೊಂದನ್ನು ಎಸೆದು, ಇದು ಮುಗಿಯುವವರೆಗೆ ಅದರ ಮೇಲೆ ನಿಂತಿರು ಎಂದ. ದೇವರು ಇನ್ನೂ ನಿಂತೇ ಇದ್ದಾನೆ.

ಕತೆಯ ಮೊದಲ ಭಾಗವನ್ನು ಹೇಳುವವರು ಕಡಿಮೆ. ಪುಂಡಲೀಕ ಮೊದಲು ಹೆತ್ತವರನ್ನು ಗೋಳುಹೊಯ್ದುಕೊಂಡವನು. ಕಾಶಿಗೆ ಹೋಗುವ ದಾರಿಯಲ್ಲಿ ಕುಕ್ಕುಟ ಋಷಿಯ ಆಶ್ರಮದಲ್ಲಿ ತಂಗಿದ್ದಾಗ, ರಾತ್ರಿ ಕೊಳಕು ಸೀರೆಯುಟ್ಟ ಕೆಲವು ಹೆಂಗಸರು ಒಳಗೆ ಬಂದದ್ದನ್ನು ಕಂಡ. ಅವರು ಕಸ ಗುಡಿಸಿದರು, ನೀರು ತುಂಬಿದರು, ಬಟ್ಟೆ ಒಗೆದರು. ಹೊರಡುವಾಗ ಅವರ ಸೀರೆ ಬೆಳ್ಳಗಾಗಿತ್ತು. ಅವರು ಗಂಗೆ, ಯಮುನೆ, ಸರಸ್ವತಿ. ಲೋಕದ ಪಾಪ ತೊಳೆದು ಮೈಲಿಗೆಯಾದ ನದಿಗಳು, ತಂದೆತಾಯಿಯ ಸೇವೆ ಮಾಡುವ ಋಷಿಯ ಮನೆಗೆಲಸ ಮಾಡಿ ಶುದ್ಧವಾಗುತ್ತಿದ್ದವು. ಹಾಗೆ ನೋಡಿದರೆ ಈ ಕತೆಯಲ್ಲಿ ಸೇವೆಯ ಕೈಗಳು ಎರಡು ಬಗೆ. ಮಗನ ಕೈಗೆ ಹೆಸರಿದೆ, ದೇವರನ್ನೇ ನಿಲ್ಲಿಸುವ ಮಹಿಮೆಯಿದೆ. ಇನ್ನೊಂದು, ಕತ್ತಲಲ್ಲಿ ಬಂದು ಕೆಲಸ ಮುಗಿಸಿ ಬೆಳಗಾಗುವುದರೊಳಗೆ ಹೊರಟುಹೋಗುವ ಹೆಂಗಸರ ಕೈ.

ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಲ್ಲಿ ಈಗ ಆ ಎರಡನೆಯ ಕೈಗೆ ಬೇಡಿಕೆ ಹೆಚ್ಚಿದೆ. ಅಪ್ಪನಿಗೆ ಲಕ್ವ ಹೊಡೆಯುತ್ತದೆ, ಇಲ್ಲವೇ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಏಜೆನ್ಸಿಗೆ ಫೋನ್ ಹೋಗುತ್ತದೆ; ಸಂಜೆಗೆ ಒಂದು ಬ್ಯಾಗು ಹಿಡಿದು 'ಹೋಮ್ ನರ್ಸ್' ಬರುತ್ತಾಳೆ. ಬಹಳ ಸಲ ಆಕೆ ನರ್ಸಿಂಗ್ ಓದಿದವಳಲ್ಲ, ಆದರೂ ಎಲ್ಲರೂ ಕರೆಯುವುದು ಹಾಗೆಯೇ. ಮಗ ತಿಂಗಳು ತಿಂಗಳು ಹಣ ಕಟ್ಟುತ್ತಾನೆ, ಆಕೆ ಸೇವೆ ಮಾಡುತ್ತಾಳೆ. ಇದರಿಂದ ತೀರುವುದು ಯಾರ ಋಣ? ತೀರುವುದಾದರೂ ಉಂಟೆ?

ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯುವಂತಿಲ್ಲ, ಎಳೆದರೆ ತೆಳುವಾದ ಚರ್ಮ ಸುಲಿಯುತ್ತದೆ. ಮೈಯಡಿ ಮಡಿಸಿ ಹಾಸಿದ ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಬೇಕು. ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇನ್ನೊಂದು. ಸೊಂಟದ ಎಲುಬಿನ ಮೇಲೆ ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಳ್ಳದಿದ್ದರೆ ಹಾಸಿಗೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಗಂಜಿ ಕುಡಿಸುವಾಗ ತಲೆದೆಸೆ ಎತ್ತರಿಸಬೇಕು, ಒಂದು ಗುಟುಕು ಇಳಿದದ್ದು ಗಂಟಲಲ್ಲಿ ಕಂಡ ಮೇಲೆಯೇ ಮುಂದಿನ ಚಮಚ. ಅವಸರ ಮಾಡಿದರೆ ಗಂಜಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಮರೆವಿನ ಕಾಯಿಲೆಯ ಅಜ್ಜಿ ನಡುರಾತ್ರಿ ಎದ್ದು ತವರಿಗೆ ಹೋಗಬೇಕೆಂದು ಬಾಗಿಲ ಚಿಲಕಕ್ಕೆ ಕೈ ಹಾಕುತ್ತಾಳೆ. ತವರಿನಲ್ಲಿ ಈಗ ಯಾರೂ ಇಲ್ಲವೆಂದು ನೆನಪಿಸಿದರೆ ಸಾವಿನ ಸುದ್ದಿ ಈಗಷ್ಟೇ ಬಂದಂತೆ ಅಳುತ್ತಾಳೆ. ಕೆಲಸ ಬಲ್ಲವಳು ವಾದಕ್ಕಿಳಿಯುವುದಿಲ್ಲ. "ಹೋಗೋಣಂತೆ ಅಜ್ಜಿ, ಮೊದ್ಲು ತಲೆ ಬಾಚ್ಕೊಳಿ" ಎಂದು ಬಾಚಣಿಗೆ ತೆಗೆದುಕೊಳ್ಳುತ್ತಾಳೆ. ಬಾಚುತ್ತಿದ್ದಂತೆ ಅಜ್ಜಿಗೆ ತೂಕಡಿಕೆ ಬರುತ್ತದೆ.

ಇಷ್ಟು ಜಾಣ್ಮೆಯ, ತಾಳ್ಮೆಯ ಕೆಲಸವನ್ನು ನಮ್ಮ ಸಮಾಜ ಕೌಶಲವೆಂದು ಎಣಿಸಿಯೇ ಇಲ್ಲ.

ಶಾಸ್ತ್ರಗಳಲ್ಲಿ ಋಣದ ಮಾತು ಹಳೆಯದು. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರ ಎಂದು ವೈದಿಕ ಪರಂಪರೆ ಹೇಳುತ್ತದೆ. ಯಜ್ಞದಿಂದ ಮೊದಲನೆಯದು ತೀರುತ್ತದೆ, ಅಧ್ಯಯನದಿಂದ ಎರಡನೆಯದು. ಪಿತೃಋಣ ತೀರುವುದು ಸಂತಾನದಿಂದ. ಮುಪ್ಪಿನ ತಂದೆಯ ಮೈ ಒರೆಸುವುದು ಆ ಪಟ್ಟಿಯಲ್ಲಿಲ್ಲ. ಹೆತ್ತವರನ್ನು ದೇವರಂತೆ ಕಾಣು ಎಂದು ತೈತ್ತಿರೀಯ ಉಪನಿಷತ್ತು ಶಿಷ್ಯನಿಗೆ ಬೋಧಿಸಿದೆ ನಿಜ. ಆದರೆ ಆ ದೇವರ ಮಲಮೂತ್ರ ತೆಗೆಯುವವರು ಯಾರೆಂದು ಬೋಧಿಸಲಿಲ್ಲ. ಅದು ಮನೆಯೊಳಗಿನ ಅಲಿಖಿತ ನಿಯಮವಾಗಿ ಸೊಸೆಯ ಪಾಲಿಗೆ ಬಂತು. ಕೂಡುಕುಟುಂಬದಲ್ಲಿ ಮುದುಕರು ಸುಖವಾಗಿದ್ದರು ಎಂದು ನೆನೆಯುವವರು ಆ ಸುಖದ ಹಿಂದೆ ಸವೆದ ಹೆಣ್ಣಿನ ಮೈಯನ್ನೂ ನೆನೆಯಬೇಕು. ಮಗನಿಗೆ ಶ್ರವಣಕುಮಾರನೆಂಬ ಹೆಸರು ಬಂತು. ಕಾವಡಿ ಹೊತ್ತವಳು ಬೇರೆ.

ಲೆಕ್ಕ ಇಂದಿಗೂ ಹೆಚ್ಚು ಬದಲಾಗಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿರುತ್ತಾರೆ, ಗಂಡಸರಲ್ಲಿ ಸುಮಾರು 21. ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಟ್ಟರೆ ಗಂಡಸರು 74. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ. ಕಾನೂನು ಮಾತ್ರ ಮಗನ ಭಾಷೆಯಲ್ಲೇ ಮಾತಾಡುತ್ತದೆ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಡಿ ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ದೂರು ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ರದ್ದು ಮಾಡಿಸಬಹುದು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. ಬೀದಿಗೆ ಬಿದ್ದ ಎಷ್ಟೋ ಹಿರಿಯರಿಗೆ ಅದು ಆಸರೆಯಾಗಿದೆ. ಆದರೆ ಕಾಯ್ದೆ ಅಳೆಯುವುದು ಹಣವನ್ನು, ಆಸ್ತಿಯನ್ನು. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವ ಕೈ ಅದರ ಅಳತೆಗೆ ಸಿಗುವುದಿಲ್ಲ.

ಹಾಗಾದರೆ ಸಂಬಳಕ್ಕೆ ಮಾಡಿದ್ದು ಸೇವೆಯೇ? ದುಡ್ಡು ಬಂದ ಕಡೆ ಪುಣ್ಯವಿಲ್ಲ ಎನ್ನುವ ಅನುಮಾನ ಅನೇಕರಲ್ಲಿದೆ. ವೃದ್ಧಾಶ್ರಮದ ಹೆಸರೆತ್ತಿದರೆ ತಲೆತಗ್ಗಿಸುವುದಕ್ಕೂ, ಹೋಮ್ ನರ್ಸನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಕೋಣೆಗೆ ಕಳಿಸುವುದಕ್ಕೂ ಇದೇ ಕಾರಣ. ಈ ಅನುಮಾನಕ್ಕೆ ಹನ್ನೆರಡನೆಯ ಶತಮಾನದ ಶರಣರು ಕನ್ನಡ ನೆಲದಲ್ಲೇ ಉತ್ತರ ಕೊಟ್ಟಿದ್ದಾರೆ. ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿದ, ಮಾರಿದ ಹಣದಲ್ಲಿ ದಾಸೋಹ ನಡೆಸಿದ. ಕೂಲಿ ಬಂತೆಂದು ಅವನ ಕೆಲಸ ಕೀಳಾಗಲಿಲ್ಲ. ಕೂಲಿಯಿಲ್ಲದೆ ದಾಸೋಹವೂ ಇರಲಿಲ್ಲ. ಕಾಯಕವೆಂಬ ಮಾತಿನಲ್ಲಿ ದುಡಿಮೆ, ಅದರ ಫಲ, ಅದರ ಪಾವಿತ್ರ್ಯ ಮೂರೂ ಒಟ್ಟಿಗೆ ಇವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಅದನ್ನು ಹೇಳಿ ಸಂಬಳ ಕೇಳಿದವಳ ಬಾಯಿ ಮುಚ್ಚಿಸಲು ಬರುವುದಿಲ್ಲ. ಲಕ್ಕಮ್ಮ ಬೇಡವೆಂದದ್ದು ಹೆಚ್ಚುವರಿಯನ್ನು, ಅದೂ ತಾನಾಗಿ. ಅಂದಂದಿನ ಅಕ್ಕಿಯನ್ನು ಬಿಟ್ಟುಕೊಡು ಎಂದು ಆಕೆಗೆ ಯಾರೂ ಉಪದೇಶ ಮಾಡಿರಲಿಲ್ಲ.

ಹೋಮ್ ನರ್ಸಿನ ಅಂದಂದಿನ ಅಕ್ಕಿ ಹೇಗಿದೆ? ಮನೆಯಲ್ಲೇ ಉಳಿದು ಮಾಡುವ ಕೆಲಸಕ್ಕೆ ಗಡಿಯಾರವಿಲ್ಲ. ರೋಗಿಯ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ, ಕರೆದಾಗಲೆಲ್ಲ ಏಳಬೇಕು. ವಾರದ ರಜೆ ಮನೆಯವರ ಮರ್ಜಿ. ಸಂಬಳದಲ್ಲಿ ಏಜೆನ್ಸಿಗೆ ಒಂದು ಪಾಲು. ತನ್ನ ಊರಿನಲ್ಲಿ ಆಕೆಯ ಸ್ವಂತ ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವ ಮನೆಗಳು ಅಪರೂಪ. ಮನೆಗೆಲಸದವರಿಗೆ ಘನತೆಯ ದುಡಿಮೆ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೆಯ ಒಡಂಬಡಿಕೆ ತಂದಾಗ ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ಅನುಮೋದಿಸಲಿಲ್ಲ.

ಈ ಕೈಗಳನ್ನು ಅಗ್ಗವಾಗಿ ಕಂಡರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನಲ್ಲಿ ನೋಡಬಹುದು. ಅಲ್ಲಿ 2014ರ ಕಾಯ್ದೆಯೇ ವಯಸ್ಕರ ಆರೈಕೆಯ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸಿದೆ. ಆದರೂ ಸಂಬಳ ಸಾಲದೆ ಜನ ಕೆಲಸ ಬಿಟ್ಟರು. 2021-22ರಲ್ಲಿ ಸುಮಾರು 1.65 ಲಕ್ಷ ಹುದ್ದೆ ಖಾಲಿ ಬಿದ್ದವು. 2022ರಲ್ಲಿ ವೀಸಾ ಬಾಗಿಲು ತೆರೆದಾಗ ಭಾರತದಿಂದಲೂ ಸಾವಿರಾರು ಮಂದಿ ಹೋದರು. 2025ರ ಜುಲೈನಲ್ಲಿ ಹೊಸ ನೇಮಕಾತಿಗೆ ಆ ಬಾಗಿಲು ಮುಚ್ಚಿತು. ಹಣವಂತ ದೇಶವೂ ಆರೈಕೆಯ ಹೊಣೆ ಹೊತ್ತು, ಹೊರುವ ಹೆಗಲನ್ನು ಮರೆತಿತ್ತು.

ಕೋಳಿಕ್ಕೋಡಿನಲ್ಲಿ ಬೇರೆ ದಾರಿ ತೆರೆಯಿತು. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಉಪಶಾಮಕ ಆರೈಕೆಯ ಸೊಸೈಟಿ ಕಟ್ಟಿದರು. ಅದು ಬರಬರುತ್ತ ನೆರೆಹೊರೆಯ ಜಾಲವಾಗಿ ಹಬ್ಬಿತು. ತರಬೇತಿ ಪಡೆದ ಊರಿನವರು ವಾರಕ್ಕೆ ಕೆಲವು ಗಂಟೆ ರೋಗಿಗಳ ಮನೆಗೆ ಹೋಗುತ್ತಾರೆ, ಸಂಬಳದ ನರ್ಸುಗಳು ಗಾಯ, ಕ್ಯಾತಿಟರ್ ನೋಡಿಕೊಳ್ಳುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದನ್ನು ನೀತಿಯಾಗಿಸಿ ಪಂಚಾಯಿತಿಗಳಿಗೆ ಜೋಡಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ. ಇಂಥ ಕಡೆ ಪ್ರೀತಿಯೂ ಸಂಬಳವೂ ಒಂದೇ ಹಾಸಿಗೆಯ ಎರಡು ಬದಿಯಲ್ಲಿ ನಿಂತು ಕೆಲಸ ಮಾಡುತ್ತವೆ, ಒಂದರಿಂದ ಇನ್ನೊಂದಕ್ಕೆ ಮೈಲಿಗೆಯಾಗುವುದಿಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗುತ್ತಾರೆಂದು ವಿಶ್ವಸಂಸ್ಥೆಯ ಅಂದಾಜು. ಈಗಲೇ 88 ಲಕ್ಷ ಹಿರಿಯರಿಗೆ ಮರೆವಿನ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಮಕ್ಕಳು ಒಬ್ಬರೋ ಇಬ್ಬರೋ, ಅವರೂ ಪುಣೆಯಲ್ಲೋ ಟೆಕ್ಸಾಸಿನಲ್ಲೋ. ಎಷ್ಟು ಪ್ರೀತಿಯಿದ್ದರೂ ಆ ಕೈಗಳು ಸಾಲುವುದಿಲ್ಲ. ತರಬೇತಿ, ಪ್ರಮಾಣಪತ್ರ, ಗೊತ್ತುಮಾಡಿದ ವೇಳೆ, ವಾರದ ರಜೆ, ಪಿಎಫ್ ಇದ್ದರೆ ಲಕ್ಷಾಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದು ಮರ್ಯಾದೆಯ ಬದುಕಾಗಬಲ್ಲದು. ಗಂಡುಮಕ್ಕಳೂ ಎನ್ನಲೇಬೇಕು, ಪುಂಡಲೀಕ ಗಂಡಸೇ ಆಗಿದ್ದ.

ಹಣ ಕೊಟ್ಟು ಆರೈಕೆ ಮಾಡಿಸುವ ಮಗ ಪಾಪಿಯಲ್ಲ. ಕೊಟ್ಟ ಹಣಕ್ಕೆ ಲೆಕ್ಕ ಚುಕ್ತವಾಯಿತು ಎಂದುಕೊಂಡಾಗ ಮಾತ್ರ ಅವನು ಎಡವುತ್ತಾನೆ. ತಂದೆಯ ಋಣ ಹಾಗೆಯೇ ಉಳಿದಿರುತ್ತದೆ; ಅದರ ಜೊತೆಗೆ, ತಂದೆಯ ಮೈ ತೊಳೆದವಳ ಋಣವೂ ಸೇರಿರುತ್ತದೆ. ಈ ಹೊಸ ಋಣಕ್ಕೆ ನಮ್ಮ ಧರ್ಮದ ಪಟ್ಟಿಯಲ್ಲಿ ಇನ್ನೂ ಹೆಸರಿಲ್ಲ.

ಹಿರಿಯರು ತೀರಿಕೊಂಡ ಮನೆಯಲ್ಲಿ ಹದಿಮೂರನೆಯ ದಿನ ವೈಕುಂಠ ಸಮಾರಾಧನೆಗೆ ಎಲೆ ಹಾಕುತ್ತಾರೆ. ಯಾರ ಯಾರ ಹೆಸರೋ ಕರೆಯುತ್ತಾರೆ. ಎರಡು ವರ್ಷ ಗಂಜಿ ಕುಡಿಸಿದವಳು ಆ ಹೊತ್ತಿಗೆ ಊರಿನ ಇನ್ನೊಂದು ತುದಿಯ ಮನೆಯಲ್ಲಿರುತ್ತಾಳೆ; ಏಜೆನ್ಸಿಯವರು ಮೂರನೆಯ ದಿನವೇ ಕಳಿಸಿರುತ್ತಾರೆ. ಅಲ್ಲಿಯ ಅಜ್ಜನನ್ನು ನಿಧಾನವಾಗಿ ಮಗ್ಗುಲಿಗೆ ತಿರುಗಿಸಿ, ಸೊಂಟದ ಎಲುಬಿನ ಮೇಲಿನ ಕೆಂಪು ಜಾಗವನ್ನು ಬೆರಳಿನಿಂದ ಒತ್ತಿ ನೋಡುತ್ತಿರುತ್ತಾಳೆ.