ಯೋಬನ ಗೆಳೆಯರು

ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಚಳಿಗಾಲ ಮುಗಿಯುವ ಹೊತ್ತಿಗೆ ಎಲೀ ವೀಸೆಲ್ ಅವರ ‘ನೈಟ್’ ಕೈಗೆತ್ತಿಕೊಳ್ಳುತ್ತೇವೆ. ಒಂದೇ ಸಂಜೆಗೆ ಓದಿ ಮುಗಿಸಬಹುದಾದ ತೆಳ್ಳಗಿನ ಪುಸ್ತಕ. ನಾನು ಅದಕ್ಕೆ ವಾರಗಟ್ಟಲೆ ಸಮಯ ಕೊಡುತ್ತೇನೆ. ಯುರೋಪಿನ ಅರವತ್ತು ಲಕ್ಷ ಯೆಹೂದಿಗಳನ್ನು ನಾಜಿಗಳು ಕೊಂದ ಹಾಲೋಕಾಸ್ಟ್ ಬಗ್ಗೆ ಪಾಠ ಮಾಡುವುದು ಈ ರಾಜ್ಯದಲ್ಲಿ 1994ರಿಂದ ಕಾನೂನಿನ ಪ್ರಕಾರ ಕಡ್ಡಾಯ. ಆದರೂ ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದಾಗ ಯಾರಾದರೊಬ್ಬ ತಾಯಿ ಪಕ್ಕಕ್ಕೆ ಕರೆದು ಕೇಳುವುದುಂಟು: “ಅಲ್ರೀ ಮೇಡಂ, ಹದಿನೈದು ವರ್ಷದ ಮಕ್ಕಳ ಕೈಲಿ ಇಂಥದ್ದನ್ನೆಲ್ಲ ಯಾಕೆ ಓದಿಸ್ತೀರಿ?” ಅವರ ಆತಂಕ ನನಗೆ ಅರ್ಥವಾಗುತ್ತದೆ. ನಾನು ಹೇಳುವುದು ಇಷ್ಟೇ: 1944ರ ಮೇ ತಿಂಗಳಲ್ಲಿ ಸಿಗೆಟ್ ಎಂಬ ಊರಿನಿಂದ ದನ ಸಾಗಿಸುವ ರೈಲುಡಬ್ಬಿಗೆ ತುಂಬಿದಾಗ ಇದನ್ನು ಬರೆದವರಿಗೂ ಹದಿನೈದೇ ವರ್ಷ.

ಆ ಹುಡುಗ ದೇವರ ಹುಚ್ಚು ಹಿಡಿಸಿಕೊಂಡಿದ್ದವನು. ಹಗಲೆಲ್ಲ ಯೆಹೂದಿ ಧರ್ಮಶಾಸ್ತ್ರವಾದ ತಾಲ್ಮುದ್ ಓದುತ್ತಿದ್ದ. ರಾತ್ರಿ ಪ್ರಾರ್ಥನಾ ಮಂದಿರಕ್ಕೆ ಓಡಿಹೋಗಿ, ಎಂದೋ ಬಿದ್ದುಹೋದ ಜೆರುಸಲೇಮಿನ ದೇವಾಲಯಕ್ಕಾಗಿ ಅಳುತ್ತಿದ್ದ. ಕಬಾಲಾ ಎಂಬ ಯೆಹೂದಿ ಅನುಭಾವದ ರಹಸ್ಯ ಕಲಿಸುವ ಗುರು ಬೇಕೆಂದು ಅಪ್ಪನನ್ನು ಕಾಡುತ್ತಿದ್ದ. ಪುಸ್ತಕ ಶುರುವಾಗುವುದೇ ಹೀಗೆ. ಆದ್ದರಿಂದ ದೇವರ ಪ್ರಶ್ನೆಯನ್ನು ನಾನು ಹೊರಗಿನಿಂದ ತಂದು ತರಗತಿಯಲ್ಲಿ ಇಡಬೇಕಾಗಿಲ್ಲ. ಅದನ್ನು ಬದಿಗೆ ಸರಿಸಿ ಪಾಠ ಮಾಡುತ್ತೇನೆಂದರೆ ಕೈಯಲ್ಲಿ ರಟ್ಟು ಮಾತ್ರ ಉಳಿಯುತ್ತದೆ.

ಸರ್ಕಾರಿ ಶಾಲೆಯಲ್ಲಿ ದೇವರ ಮಾತೇ ಎತ್ತುವಂತಿಲ್ಲ ಎಂದು ಇಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅಬಿಂಗ್ಟನ್ ಶಾಲಾ ಜಿಲ್ಲೆಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ ತಡೆದದ್ದು ಶಾಲೆಯೇ ಮುಂದೆ ನಿಂತು ಮಾಡಿಸುವ ಬೈಬಲ್ ಪಠಣವನ್ನು. ಧರ್ಮವನ್ನು ವಿದ್ಯೆಯಾಗಿ ಅಭ್ಯಾಸ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಅದೇ ತೀರ್ಪು ಹೇಳಿತು. ನಂಬಿ ಎಂದಾಗಲಿ, ನಂಬಬೇಡಿ ಎಂದಾಗಲಿ ನಾನು ಹೇಳುವಂತಿಲ್ಲ. ಈ ನಿರ್ಬಂಧ ನನಗೆ ಭಾರವಾಗಿ ಕಂಡಿಲ್ಲ. ಈ ಪುಸ್ತಕ ಬೇಡುವ ಸಂಯಮವೂ ಬಹುಮಟ್ಟಿಗೆ ಅದೇ.

ಎಲ್ಲ ತರಗತಿಗಳೂ ಬಂದು ನಿಲ್ಲುವುದು ಒಂದೇ ಪುಟದಲ್ಲಿ. ನಾಜಿಗಳ ಬೂನಾ ಶಿಬಿರದಲ್ಲಿ ಮೂವರನ್ನು ನೇಣಿಗೇರಿಸುತ್ತಾರೆ; ಅವರಲ್ಲಿ ಒಬ್ಬ ಚಿಕ್ಕ ಹುಡುಗ. ಅವನ ಮೈಗೆ ಭಾರವೇ ಇಲ್ಲದ್ದರಿಂದ ಜೀವ ಬೇಗ ಹೋಗುವುದಿಲ್ಲ. ಅರ್ಧ ಗಂಟೆಗೂ ಮೀರಿ ಒದ್ದಾಡುತ್ತಾನೆ, ಕೈದಿಗಳೆಲ್ಲ ಅವನ ಮುಂದೆ ಸಾಲಾಗಿ ನಡೆದು ಮುಖ ನೋಡಿಕೊಂಡು ಹೋಗಬೇಕು. ಹಿಂದಿನಿಂದ ಯಾರೋ ದೇವರೆಲ್ಲಿ ಎಂದು ಕೇಳುತ್ತಾರೆ. ಎಲೀಗೆ ತನ್ನೊಳಗಿಂದ ಒಂದು ಉತ್ತರ ಕೇಳಿಸುತ್ತದೆ: ಅಲ್ಲಿ, ಆ ಕಂಬದಲ್ಲಿ ನೇತಾಡುತ್ತಿದ್ದಾನೆ.

ಇದನ್ನು ಓದಿದ ಮೇಲೆ ನಾನು ಸುಮ್ಮನಿರುತ್ತೇನೆ. ಮಕ್ಕಳಿಗೆ ಹಾಗೆ ಇರಲಾಗುವುದಿಲ್ಲ. ಇದರರ್ಥ ದೇವರು ಸತ್ತ, ಇವನು ನಾಸ್ತಿಕನಾದ ಎನ್ನುತ್ತಾರೆ ಕೆಲವರು. ಕ್ಯಾಥೊಲಿಕ್ ಮನೆಯಿಂದ ಬಂದ ಮಕ್ಕಳಿಗೆ ಶಿಲುಬೆ ನೆನಪಾಗುತ್ತದೆ. ದೇವರು ತಾನೂ ಆ ಹುಡುಗನ ಜೊತೆ ನೋವು ತಿನ್ನುತ್ತಿದ್ದಾನೆ ಎನ್ನುತ್ತಾರೆ. ಒಂದು ವರ್ಷ, ಹೈದರಾಬಾದ್ ಕಡೆಯ ಕುಟುಂಬದ ಹುಡುಗಿಯೊಬ್ಬಳು ಕೈಯೆತ್ತಿ, ತುಂಬ ಸಂಕೋಚದಿಂದ, “ನಮ್ಮಜ್ಜಿ ಇದು ಕರ್ಮ ಅಂತಾರೆ. ಹಿಂದಿನ ಜನ್ಮದ್ದು ಇರಬಹುದಾ?” ಎಂದು ಕೇಳಿದಳು. ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದವನು ಯೆಹೂದಿ ಹುಡುಗ. ಅವನ ಮುತ್ತಜ್ಜಿಯ ಮನೆಮಂದಿಯಲ್ಲಿ ಯಾರೂ ಉಳಿದಿರಲಿಲ್ಲ.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಜ್ಜಿಯ ಮನೆಯಿಂದ ಬಂದ ಮಾತು ಅದು. ನಾನೂ ಅಂಥದ್ದೇ ಮನೆಯಲ್ಲಿ ಬೆಳೆದವಳು. ತೀರ್ಥಹಳ್ಳಿಯಲ್ಲಿ ನಮ್ಮ ಸೋದರತ್ತೆಗೆ ಒಬ್ಬನೇ ಮಗ, ಐದು ವರ್ಷದವನು, ಜ್ವರ ಬಂದು ತೀರಿಕೊಂಡ. ಅತ್ತೆ “ನನ್ನ ಕರ್ಮ, ನಾನು ಪಡಕೊಂಡು ಬಂದಿದ್ದು” ಎಂದು ತಾನೇ ಹೇಳಿಕೊಂಡು ಅಳುತ್ತಿದ್ದಳು. ಆ ಮಾತು ಅವಳಿಗೆ ಹಿಡಿದುಕೊಳ್ಳಲು ಸಿಕ್ಕ ಒಂದು ಕಂಬ. ಅದೇ ಮಾತನ್ನು ಮಾತಾಡಿಸಲು ಬಂದ ನೆರೆಯವರೊಬ್ಬರು ಆಡಿದಾಗ ಅವಳು ಎದ್ದು ಒಳಗೆ ಹೋದಳು. ಆಮೇಲೆ ಅವರು ಬಂದರೆ ಹೊರಗೆ ಬರುತ್ತಲೇ ಇರಲಿಲ್ಲ. ನೊಂದವಳು ತನ್ನ ಬಗ್ಗೆ ಆಡಿಕೊಂಡ ಮಾತನ್ನು ಎದುರಿಗೆ ಕೂತವರು ಆಡಿದರೆ ಅದು ತೀರ್ಪಾಗುತ್ತದೆ. ನಾನು ಆ ಹುಡುಗಿಗೆ ಸಿದ್ಧಾಂತ ಹೇಳಹೋಗಲಿಲ್ಲ, ಅತ್ತೆಯ ಕತೆ ಹೇಳಿದೆ. ಮತ್ತೆ, ನಮ್ಮಲ್ಲೂ ಒಂದೇ ದನಿ ಇಲ್ಲ ಎಂದೆ. ವನಪರ್ವದ ದ್ರೌಪದಿ ಕಾಡಿನಲ್ಲಿ ಕೂತು ವಿಧಾತನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮಗು ಆಟಿಕೆಗಳನ್ನು ಆಡಿಸುವಂತೆ ಅವನು ಜೀವಿಗಳನ್ನು ಆಡಿಸುತ್ತಾನೆ, ಅಧರ್ಮಿಗಳನ್ನು ಮೆರೆಸುತ್ತಾನೆ ಎನ್ನುತ್ತಾಳೆ. ಇದು ನಾಸ್ತಿಕರ ಮಾತು ಎಂದು ಗದರುವವನು ಧರ್ಮರಾಯ. ಎಷ್ಟು ಸಲ ಓದಿದರೂ ನನ್ನ ಮನಸ್ಸು ದ್ರೌಪದಿಯ ಕಡೆಗೇ ವಾಲುತ್ತದೆ.

ಇಂಥ ವಿವರಣೆಗಳಿಗೆ ಬೇರೆ ಧರ್ಮದವರೇ ಆಗಬೇಕೆಂದಿಲ್ಲ. ವೀಸೆಲ್ ಹುಟ್ಟಿದ ಸಿಗೆಟ್‌ನಲ್ಲೇ 1887ರಲ್ಲಿ ಹುಟ್ಟಿದ ಯೆಹೂದಿಗಳ ಸಾತ್ಮಾರ್ ಪಂಥದ ಗುರು ಯೋಯೆಲ್ ಟೈಟೆಲ್‌ಬೌಮ್, ದೇವರು ಕೊಡುವ ಮುನ್ನವೇ ರಾಜ್ಯ ಕಟ್ಟಹೊರಟ ಜಿಯೋನಿಸಂನ ಪಾಪಕ್ಕೆ ಬಂದ ಶಿಕ್ಷೆ ಹಾಲೋಕಾಸ್ಟ್ ಎಂದು ಬರೆದರು. ಅವರೂ ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದವರೇ. ಒಂದೇ ಊರು, ಒಂದೇ ಹಸಿದಿಕ್ ಭಕ್ತಿಪರಂಪರೆ. ಒಬ್ಬರಿಗೆ ಉತ್ತರ ಸಿಕ್ಕಿತು, ಇನ್ನೊಬ್ಬರು ಕೊನೆಯವರೆಗೂ ಅಂಥ ಉತ್ತರವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಟೈಟೆಲ್‌ಬೌಮರ ಭಕ್ತಿಯನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ಸುಟ್ಟುಹೋದ ಮಕ್ಕಳ ಲೆಕ್ಕದಲ್ಲಿ ಯಾರದೋ ಪಾಪ ಬರೆಯುವುದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ವೀಸೆಲ್ಲರ ತಂಗಿ ಸಿಪೋರಾ ಪುಟ್ಟ ಹುಡುಗಿ. ಅವಳನ್ನೂ ತಾಯಿಯನ್ನೂ ಔಷ್ವಿಟ್ಸ್ ಶಿಬಿರಕ್ಕೆ ಬಂದ ರಾತ್ರಿಯೇ ಬೇರೆ ಸಾಲಿಗೆ ಕಳಿಸಿದರು.

ಈ ಪಾಠದ ಜೊತೆ ನಾನು ಹೀಬ್ರೂ ಬೈಬಲಿನ ಯೋಬನ ಕತೆಯ ಕೆಲವು ಅಧ್ಯಾಯಗಳನ್ನು ಓದಿಸುತ್ತೇನೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಆಮೇಲೆ ಬಾಯಿ ತೆರೆಯುತ್ತಾರೆ: ನೀನು ಏನೋ ಪಾಪ ಮಾಡಿರಬೇಕು, ದೇವರು ಅನ್ಯಾಯ ಮಾಡುವವನಲ್ಲ. ಯೋಬ ಒಪ್ಪುವುದಿಲ್ಲ, ದೇವರನ್ನೇ ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ಕೊನೆಯಲ್ಲಿ ದೇವರಿಗೆ ಸಿಟ್ಟು ಬರುವುದು ಯಾರ ಮೇಲೆ ಎಂದು ಮಕ್ಕಳನ್ನು ಕೇಳುತ್ತೇನೆ. ಹೆಚ್ಚಿನವರು ಯೋಬನ ಮೇಲೆ ಎನ್ನುತ್ತಾರೆ. ಪುಟ ತಿರುಗಿಸಿ ನೋಡಿದರೆ, ದೇವರ ಪರ ವಾದಿಸಿದ ಗೆಳೆಯರ ಮೇಲೆ! ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದು ದೇವರು ಅವರಿಗೆ ಹೇಳುತ್ತಾನೆ. ದೂರಿದವನೇ ಸರಿ ಎಂದು ಒಂದು ಧರ್ಮಗ್ರಂಥ ತನ್ನೊಳಗೇ ಬರೆದಿಟ್ಟುಕೊಂಡಿದೆಯಲ್ಲ, ಅದು ನನಗೆ ಇವತ್ತಿಗೂ ಬೆರಗು. ‘ನೈಟ್’ನ ಹುಡುಗನೂ ಶಿಬಿರದಲ್ಲಿ ಯೋಬನನ್ನು ನೆನೆಯುತ್ತಾನೆ. ದೇವರಿದ್ದಾನೆ ಎನ್ನುವುದರಲ್ಲಿ ಅವನಿಗೆ ಸಂಶಯವಿಲ್ಲ, ಸಂಶಯ ದೇವರ ನ್ಯಾಯದ ಬಗ್ಗೆ.

ಬಾಯಿ ತೆರೆಯದೆ ಉಳಿದ ಗೆಳೆಯನ ಒಂದು ಉದಾಹರಣೆ ಪುಸ್ತಕದ ಮುನ್ನುಡಿಯಲ್ಲೇ ಇದೆ. ಫ್ರೆಂಚ್ ಕಾದಂಬರಿಕಾರ ಫ್ರಾನ್ಸ್ವಾ ಮೋರಿಯಾಕ್ ಗಾಢ ಕ್ಯಾಥೊಲಿಕ್ ಶ್ರದ್ಧೆಯವರು, 1952ರಲ್ಲಿ ನೊಬೆಲ್ ಪಡೆದವರು. ಪತ್ರಕರ್ತನಾಗಿ ತಮ್ಮನ್ನು ನೋಡಬಂದ ತರುಣ ವೀಸೆಲ್ಲರ ಕತೆ ಕೇಳಿದಾಗ ಶಿಲುಬೆಯ ಮಾತು ಅವರ ನಾಲಗೆಯ ತುದಿಗೆ ಬಂದಿತ್ತು. ಆಡಲಾಗಲಿಲ್ಲ, ಅಪ್ಪಿಕೊಂಡು ಅತ್ತರು. ಹಾಗೆ ಅತ್ತ ಮೇಲೆ, ಆಡದ ಆ ಮಾತನ್ನು ಮುನ್ನುಡಿಯಲ್ಲಿ ಬರೆದೂಬಿಟ್ಟರು ಎನ್ನುವುದು ಬೇರೆ. ಆದರೂ ನನ್ನ ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆ ನಾನು ತೋರಿಸುವುದು ಆ ಅಪ್ಪುಗೆಯ ಕ್ಷಣವನ್ನೇ. ಈ ಪುಸ್ತಕ 1958ರಲ್ಲಿ ಫ್ರೆಂಚಿನಲ್ಲಿ ಹೊರಬಂದದ್ದು ಅವರ ಒತ್ತಾಸೆಯಿಂದ.

ಇನ್ನು, ಇವನು ನಾಸ್ತಿಕನಾದ ಎನ್ನುವ ಮಕ್ಕಳು. ಅದೂ ಅವಸರದ ಉತ್ತರವೇ ಎಂದು ನನ್ನ ಅಭಿಪ್ರಾಯ. ಯೆಹೂದಿ ಹೊಸ ವರ್ಷವಾದ ರೋಶ್ ಹಷಾನಾ ಹಬ್ಬದ ಸಂಜೆ ಸಾವಿರಾರು ಕೈದಿಗಳು ಬಯಲಿನಲ್ಲಿ ಸೇರಿ ದೇವರನ್ನು ಸ್ತುತಿಸುವಾಗ ಹುಡುಗ ತಾನು ಫಿರ್ಯಾದಿ, ದೇವರು ಆರೋಪಿ ಎಂದುಕೊಂಡು ಒಂಟಿಯಾಗಿ ನಿಲ್ಲುತ್ತಾನೆ. ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪೂರ್ ದಿನ ಉಪವಾಸ ಮಾಡದೆ ಸೂಪು ಕುಡಿಯುತ್ತಾನೆ. ಅಪ್ಪನೂ ಉಪವಾಸ ಬೇಡವೆಂದಿದ್ದ, ಆದರೆ ಹುಡುಗನಿಗೆ ಅದು ಪ್ರತಿಭಟನೆ. ಯಾರ ವಿರುದ್ಧ ಎಂದು ಕೇಳುತ್ತೇನೆ. ಇಲ್ಲದವನ ಮೇಲೆ ಯಾರೂ ದಾವೆ ಹೂಡುವುದಿಲ್ಲ.

ಮುಂದೆ ಕೈದಿಗಳನ್ನು ಹಿಮದಲ್ಲಿ ಓಡಿಸುವ ರಾತ್ರಿ ಬರುತ್ತದೆ. ರಬ್ಬಿ ಎಲಿಯಾಹು ಎಂಬ ಮುದುಕ ತನ್ನ ಮಗನನ್ನು ಹುಡುಕುತ್ತ ಬರುತ್ತಾನೆ. ಆ ಮಗ, ಅಪ್ಪ ಹಿಂದೆ ಬಿದ್ದುದನ್ನು ನೋಡಿಯೂ ಬೇಕೆಂದೇ ಮುಂದೆ ಓಡಿಹೋದದ್ದು ಎಲೀಗೆ ಆಮೇಲೆ ಹೊಳೆಯುತ್ತದೆ. ಆಗ ಅವನು, ತಾನು ಇನ್ನು ನಂಬದ ಆ ದೇವರಿಗೇ, ಈ ಮಗ ಮಾಡಿದ್ದನ್ನು ತಾನೆಂದೂ ಮಾಡದಂತೆ ಶಕ್ತಿ ಕೊಡು ಎಂದು ಬೇಡುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಜಾಗ. ನಂಬಿಕೆ ಹೋದ ಮೇಲೂ ಬಂದ ಪ್ರಾರ್ಥನೆ. ಅದರಲ್ಲಿ ಬಿಡುಗಡೆ ಬೇಡಿಲ್ಲ, ರೊಟ್ಟಿ ಬೇಡಿಲ್ಲ, ಮಗನಾಗಿ ಉಳಿಯುವುದನ್ನು ಬೇಡಿದ್ದಾನೆ. ಇದನ್ನು ಆಸ್ತಿಕತೆ ಎನ್ನಬೇಕೋ ನಾಸ್ತಿಕತೆ ಎನ್ನಬೇಕೋ ಎಂದು ಮಕ್ಕಳು ಗಂಟೆ ಹೊಡೆಯುವವರೆಗೂ ವಾದಿಸುತ್ತಾರೆ, ಕಾರಿಡಾರಿನಲ್ಲೂ ವಾದಿಸುತ್ತಾರೆ. ವೀಸೆಲ್ ಮುಂದೆ ಬದುಕಿಡೀ ಪ್ರಾರ್ಥನೆ ಬಿಡಲಿಲ್ಲ, ಜಗಳವನ್ನೂ ಬಿಡಲಿಲ್ಲ. 1997ರಲ್ಲಿ, ಅದೇ ರೋಶ್ ಹಷಾನಾ ಸಮಯಕ್ಕೆ, ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ದೇವರಿಗೊಂದು ಪ್ರಾರ್ಥನೆ ಬರೆದು ಇಬ್ಬರೂ ರಾಜಿಯಾಗೋಣವೆಂದು ಕರೆದರು. ಶಿಬಿರದಿಂದ ಹೊರಬಂದು ಐವತ್ತು ವರ್ಷ ದಾಟಿತ್ತು.

ಪರೀಕ್ಷೆಯಲ್ಲಿ ಯಾರೂ ಕೇಳದ ಒಂದು ಸಣ್ಣ ಪಾತ್ರವಿದೆ, ಅಕೀಬಾ ಡ್ರೂಮರ್. ಭಕ್ತ, ಇಂಪಾಗಿ ಹಾಡುವವನು. ಅವನನ್ನು ಸಾವಿಗೆ ಆರಿಸಿದಾಗ, ಮೂರು ದಿನ ಕಳೆದ ಮೇಲೆ ನನಗಾಗಿ ಕದೀಶ್ ಹೇಳಿ ಎಂದಷ್ಟೇ ಕೇಳುತ್ತಾನೆ. ಕದೀಶ್ ಎಂದರೆ ಸತ್ತವರಿಗಾಗಿ ಉಳಿದವರು ಹೇಳುವ ಪ್ರಾರ್ಥನೆ; ಅದರಲ್ಲಿ ಸಾವಿನ ಹೆಸರೇ ಇಲ್ಲ, ಪೂರ್ತಿ ದೇವರ ಸ್ತುತಿ. ಎಲ್ಲರೂ ಮಾತು ಕೊಡುತ್ತಾರೆ. ಹೊಡೆತ, ಹಸಿವು, ದುಡಿತದ ದಿನಗಳು ಕಳೆಯುತ್ತವೆ, ಹೇಳುವುದನ್ನು ಮರೆಯುತ್ತಾರೆ. ಔಷ್ವಿಟ್ಸ್‌ನ ಮೊದಲ ರಾತ್ರಿಯಲ್ಲಂತೂ ಜನ ತಮ್ಮ ಕದೀಶನ್ನು ತಾವೇ ಹೇಳಿಕೊಂಡರು. ನಮ್ಮಲ್ಲಿ ಸಂನ್ಯಾಸ ತೆಗೆದುಕೊಳ್ಳುವವರು ತಮ್ಮ ಶ್ರಾದ್ಧ ತಾವೇ ಮಾಡಿಕೊಳ್ಳುತ್ತಾರೆ, ಆದರೆ ಅದು ತಾವಾಗಿ ಕೈಬಿಟ್ಟ ಲೋಕ. ಇವರಿಂದ ಕಿತ್ತುಕೊಂಡದ್ದು ಸಾವಿನ ನಂತರ ಹೆಸರು ಹೇಳುವ ಒಬ್ಬ ಮಗನನ್ನು ಕೂಡ. ಶ್ರಾದ್ಧದ ಮನೆಯಲ್ಲಿ ಬೆಳೆದ ನನಗೆ ಆ ಮರೆವಿನ ಸಾಲು ನೇಣಿನ ಪುಟಕ್ಕಿಂತ ಕಡಿಮೆ ಭಯಂಕರವಲ್ಲ.

ಮಕ್ಕಳಲ್ಲಿ ಒಬ್ಬರಾದರೂ ನನ್ನನ್ನು ತಡೆದು ನಿಲ್ಲಿಸುತ್ತಾರೆ: ವಿವರಿಸಲೇಬಾರದು ಅಂದರೆ ನಾವು ಕಲಿಯುವುದೇನು? ನ್ಯಾಯವಾದ ಪ್ರಶ್ನೆ. ಯಾತಕ್ಕಾಗಿ ಎಂಬುದಕ್ಕೆ ದೇವರ ಕಡೆಯಿಂದ ಕಾರಣ ಕೊಡುವ ಹಕ್ಕು ನನಗೂ ಅವರಿಗೂ ಇಲ್ಲ. ಹೇಗೆ ನಡೆಯಿತು ಎಂಬುದನ್ನು ಮಾತ್ರ ಪೂರ್ತಿ ವಿವರಿಸಬಹುದು, ವಿವರಿಸಲೇಬೇಕು. ಹಾಗಾಗಿ ದೇವರ ಪ್ರಶ್ನೆ ಬಂದ ಮರುದಿನ ಬೋರ್ಡಿನ ಮೇಲೆ 1944ರ ದಿನಾಂಕಗಳನ್ನು ಬರೆಸುತ್ತೇನೆ. ಮಾರ್ಚ್ 19, ಜರ್ಮನ್ ಸೈನ್ಯ ಹಂಗೇರಿಗೆ ಕಾಲಿಟ್ಟಿತು. ಸಿಗೆಟ್ ಆಗ ಹಂಗೇರಿಯ ಆಡಳಿತದಲ್ಲಿತ್ತು. ಏಪ್ರಿಲ್ 5, ಯೆಹೂದಿಗಳ ಎದೆಯ ಮೇಲೆ ಹಳದಿ ನಕ್ಷತ್ರ. ಮೇ ನಡುವಿನಿಂದ ಜುಲೈ ಆರಂಭದವರೆಗೆ, ಎರಡು ತಿಂಗಳೂ ತುಂಬುವ ಮೊದಲು, ಸುಮಾರು 4,40,000 ಯೆಹೂದಿಗಳನ್ನು ಸಾಗಿಸಿದರು, ಬಹುಪಾಲು ಔಷ್ವಿಟ್ಸ್‌ಗೆ. ಸಾಗಣೆಯ ಉಸ್ತುವಾರಿ ಹೊತ್ತ ನಾಜಿ ಅಧಿಕಾರಿ ಐಕ್‌ಮನ್ ಜೊತೆ ಬಂದಿದ್ದ ಜರ್ಮನ್ ತಂಡ ಚಿಕ್ಕದು. ಪಟ್ಟಿ ಮಾಡಿದವರು, ಮನೆ ಜಫ್ತಿ ಮಾಡಿದವರು, ಡಬ್ಬಿಗೆ ತುಂಬಿದವರು ಬಹುತೇಕ ಹಂಗೇರಿಯ ಅಧಿಕಾರಿಗಳು ಮತ್ತು ಗ್ರಾಮಾಂತರ ಪೊಲೀಸರು. ಪ್ರತಿಯೊಬ್ಬ ವಿದ್ಯಾರ್ಥಿ ಇದರಲ್ಲಿ ಒಂದು ಎಳೆ ಹಿಡಿದು ಬರೆಯಬೇಕು.

ಕರ್ಮದ ಪ್ರಶ್ನೆ ಕೇಳಿದ ಹುಡುಗಿ ಆರಿಸಿಕೊಂಡದ್ದು ಆ ಪೊಲೀಸರನ್ನು. ಬರೆದದ್ದನ್ನು ಮನೆಯಲ್ಲಿ ಅಜ್ಜಿಗೆ ತೆಲುಗಿನಲ್ಲಿ ಓದಿ ಹೇಳಿದಳಂತೆ. ಅಜ್ಜಿ ಪೂರ್ತಿ ಕೇಳಿ, ಹಾಗಾದರೆ ಕರ್ಮ ಆ ಪೊಲೀಸರದ್ದು ಎಂದರಂತೆ. ಅಲ್ಲಿಂದ ಅವರಿಬ್ಬರ ನಡುವೆ ಶುರುವಾದ ವಾದ ಬೇಸಿಗೆ ರಜೆ ಬಂದರೂ ಮುಗಿದಿರಲಿಲ್ಲ.