ಸವೆತ ಬೇರೆ, ತುಕ್ಕು ಬೇರೆ

ಹಿರೇಹಡಗಲಿಯಲ್ಲಿ ಒಂದು ಬೇವಿನ ಮರದಡಿ ಎರಡು ಹಳೇ ಗಾಡಿಗಳು ಮಾರಾಟಕ್ಕೆ ನಿಂತಿದ್ದವು. ಒಂದು ಬಿಳಿ ಅಂಬಾಸಿಡರ್, ಇನ್ನೊಂದು ಮಾರುತಿ ಓಮ್ನಿ. ನನ್ನ ದುಡ್ಡಿಗೆ ದಕ್ಕುವುದು ಒಂದೇ.

ಕಣ್ಣು ಮೊದಲು ಹೋದದ್ದು ಅಂಬಾಸಿಡರ್ ಕಡೆಗೆ. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಆ ಕಾರಿಗೆ ಮಂತ್ರಿಗಳು, ಸಾಹೇಬರು ಓಡಾಡಿದ ಕಾಲದ ಗತ್ತು. ಸೋಫಾದಂಥ ಸೀಟು, ಹಿಂದೆ ದೊಡ್ಡ ಡಿಕ್ಕಿ. ಮದುವೆಗೆ ಬಿಟ್ಟರೆ ಹೊರಗೆ ತೆಗೆದೇ ಇಲ್ಲ ಎಂದರು ಮಾಲೀಕರು.

ಓಮ್ನಿ ಅದರ ಪಕ್ಕದಲ್ಲಿ ಬರೀ ಡಬ್ಬಿ. 796 ಸಿಸಿಯ ಪುಟ್ಟ ಎಂಜಿನ್ ಮುಂದಿನ ಸೀಟಿನ ಕೆಳಗೆ. ಬೆಳಗಾದರೆ ಮಲ್ಲಿಗೆ ಮೊಗ್ಗಿನ ಚೀಲ, ಭರತ ಹುಣ್ಣಿಮೆ ಬಂದರೆ ಮೈಲಾರದ ಜಾತ್ರೆಗೆ ಜನ. ಮೈತುಂಬ ತಗ್ಗು. ಜಾರುವ ಬಾಗಿಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು.

ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಅಂಬಾಸಿಡರ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಾಗಿಲ ಕೆಳಗಿನ ತಗಡಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿದ. ಕೆಂಪು ಹಕ್ಕಳೆ ಉದುರಿತು.

"ನಿಂತು ನಿಂತು ತುಕ್ಕು ತಿಂದೈತಿ ಅಣ್ಣಾ. ಮ್ಯಾಲಿನ ಬಣ್ಣ ನೋಡಬ್ಯಾಡ."

ಆಮೇಲೆ ಓಮ್ನಿಯ ಬಾಗಿಲ ಹಳಿಯ ಮೇಲೆ ಬೆರಳಾಡಿಸಿದ. "ಇದು ತುಕ್ಕಲ್ಲ, ಸವದೈತಿ. ದಿನಾ ಅಷ್ಟು ಸಲ ತೆಗದು ಹಾಕಿದ್ರ ಯಾವ ಬಾಗಿಲು ಸವಿಯಂಗಿಲ್ಲ?"

ಅಂಬಾಸಿಡರ್ ಕೆಟ್ಟ ಗಾಡಿಯಲ್ಲ, ಗಟ್ಟಿ ಗಾಡಿಯೇ. ಮರ್ಯಾದೆಗೆಂದು ನಿಲ್ಲಿಸಿಟ್ಟ ಜೋಪಾನವೇ ಅದನ್ನು ತಿಂದಿತ್ತು. ಓಮ್ನಿ ಮಾತ್ರ ಎಲ್ಲಿ ಹೆಚ್ಚು ದುಡಿದಿತ್ತೋ ಅಲ್ಲೇ ಸವೆದಿತ್ತು. ನಾನು ಎರಡನ್ನೂ 'ಹಳೇದು' ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದೆ. ಹಾಗೆಂದು ಸವೆತವನ್ನು ಬರೀ ಹೊಗಳಿದರೂ ಬಾಗಿಲು ಸಲೀಸಾಗದು. ದುಡಿದ ಜಾಗಕ್ಕೆ ಎಣ್ಣೆ ಬೇಕು.

ಓಮ್ನಿ ಕೊಂಡೆ. ಹಳಿಗೆ ಗ್ರೀಸ್ ಹಚ್ಚಿ ನಾಲ್ಕು ಸಲ ಎಳೆದಾಡಿಸಿದ ಮೇಲೆ ಬಾಗಿಲು ಒಂದೇ ಕೈಗೆ ಸರಿಯಿತು.

ಮನೆಗೆ ಬಂದಾಗ ಅವ್ವ ಗೋಡೆ ಹಿಡಿದು ಏಳುತ್ತಿದ್ದಳು. ಮಲ್ಲಿಗೆ ಹೊಲದಲ್ಲಿ ಬಗ್ಗಿ ಎದ್ದು, ಬಗ್ಗಿ ಎದ್ದು ಸವೆದ ಮೊಣಕಾಲು. 'ವಯಸ್ಸಾಯ್ತು ಬಿಡವ್ವ' ಎಂದು ಎಷ್ಟು ಸಲ ಅಂದಿದ್ದೆನೋ! ಅವತ್ತು ಹಾಗನ್ನಲಿಲ್ಲ. ಎಣ್ಣೆ ಬಟ್ಟಲು ತಂದು ಅವಳ ಕಾಲ ಬಳಿ ಕೂತೆ.

"ಕೈಗೆ ಗ್ರೀಸ್ ಐತಲ್ಲೋ," ಎಂದಳು. "ಮೊದ್ಲು ತೊಳಕಂಡು ಬಾ."