ಕತ್ತರಿಸಿದ ಮಾತು

ಅಧ್ಯಾಪಕನ ಕೈಗೆ ಕ್ಯಾಮರಾ ಬಂದಾಗ ಮೊದಲು ಕಲಿಯಬೇಕಾದದ್ದು ಬೆಳಕು, ಧ್ವನಿ, ಅಲುಗಾಡದಂತೆ ಹಿಡಿಯುವ ಕ್ರಮ. ಇವು ಕೆಲವು ದಿನಗಳ ಅಭ್ಯಾಸದಿಂದ ಬರುತ್ತವೆ. ಕೇರಳದಲ್ಲಿ 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳು ಶಾಲಾಮಕ್ಕಳಿಗೇ ಈ ವಿದ್ಯೆ ಕಲಿಸಿದವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಕಾಸರಗೋಡಿನ ಕನ್ನಡ ಅಧ್ಯಾಪಕರೂ ಕ್ಯಾಮರಾದ ಮುಂದೆ ನಿಂತು ಪಾಠ ಹೇಳಿದರು. ಕಷ್ಟವಿರುವುದು ಚಿತ್ರೀಕರಣ ಮುಗಿದು ಸಂಕಲನಕ್ಕೆ ಕುಳಿತಾಗ.

ನಮ್ಮಂತೆಯೇ ಗಡಿಯಾಚೆ ಉಳಿದವರ ಊರು, ಹೊಸೂರಿನ ಮೂಕಂಡಪಲ್ಲಿಯನ್ನು ತೆಗೆದುಕೊಳ್ಳೋಣ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೆ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಈಗ ಅಲ್ಲಿ ಸಿಪ್ಕಾಟ್‌ನ ಕಾರ್ಖಾನೆಗಳು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು. ಅಂಥಲ್ಲಿ ಒಬ್ಬ ಕನ್ನಡ ಅಧ್ಯಾಪಕರು ವಿಡಿಯೋ ವರದಿಗಾರಿಕೆ ಕಲಿತು, ‘ನಮ್ಮ ಮನೆಯವರ ಕೆಲಸ’ ಎಂಬ ಐದು ನಿಮಿಷದ ವರದಿಯನ್ನು ಮಕ್ಕಳಿಂದ ಮಾಡಿಸುತ್ತಾರೆ ಎಂದಿಟ್ಟುಕೊಳ್ಳಿ. ಹುಡುಗಿ ಕನ್ನಡದಲ್ಲೇ ಆರಂಭಿಸುತ್ತಾಳೆ: ‘ನಮ್ಮಪ್ಪ ಕಂಪನಿಗೆ ಹೋಗ್ತಾರೆ.’ ಅಷ್ಟರಲ್ಲಿ ಅಜ್ಜಿ ಬರುತ್ತಾರೆ. ಅಜ್ಜಿಯ ತವರು ತೆಲುಗು. ಮಾತು ತೆಲುಗಿಗೆ ಹೊರಳುತ್ತದೆ. ಬಾಗಿಲಲ್ಲಿ ನಿಂತ ಗೆಳತಿಗೆ ಉತ್ತರ ತಮಿಳಿನಲ್ಲಿ. ಯಾವುದನ್ನು ಇಟ್ಟುಕೊಳ್ಳಬೇಕು?

ಕನ್ನಡವನ್ನಷ್ಟೇ ಉಳಿಸಬೇಕೆಂಬ ಆಸೆ ಸಹಜ. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ಅಲ್ಲಿನ ಭಾಷಾ ಅಲ್ಪಸಂಖ್ಯಾತರು ವಿನಾಯಿತಿ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಾವಿದ್ದೇವೆ ಎಂಬುದನ್ನೇ ಸಾಬೀತುಪಡಿಸಬೇಕಾದ ಜನಕ್ಕೆ ಅಚ್ಚಗನ್ನಡದ ಚಿತ್ರ ಬಲವಾದ ಸಾಕ್ಷಿಯಾಗಿ ಕಾಣುತ್ತದೆ. ಬೆರಕೆ ಮಾತನ್ನು ಉಳಿಸಿದರೆ ‘ಇವರೆಂಥ ಕನ್ನಡಿಗರು’ ಎನ್ನುವವರೂ ಇದ್ದಾರೆ.

ಆದರೆ ಅದು ಸಾಕ್ಷಿಯೇ? 1895ರಲ್ಲಿ ಫ್ರಾನ್ಸಿನ ಲುಮಿಯೇರ್ ಸೋದರರು ತಮ್ಮದೇ ಕಾರ್ಖಾನೆಯ ಬಾಗಿಲಿನಿಂದ ಕೆಲಸಗಾರರು ಹೊರಬರುವುದನ್ನು ಚಿತ್ರೀಕರಿಸಿದರು. ಒಂದು ನಿಮಿಷವೂ ಇಲ್ಲದ ಆ ಚಿತ್ರಕ್ಕೆ ಮೂರು ಆವೃತ್ತಿಗಳಿವೆ: ಒಂದರಲ್ಲಿ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಇದ್ದದ್ದು ಇದ್ದಂತೆ ಎಂದು ಜನ ನಂಬಿದ ಚಿತ್ರವನ್ನೂ ಯಜಮಾನರು ಮತ್ತೆ ಮತ್ತೆ ತೆಗೆದಿದ್ದರು. ಕೆಲಸಗಾರರು ಏನು ಮಾತಾಡಿಕೊಂಡರೋ, ಮೂಕಿ ಚಿತ್ರ, ನಮಗೆ ತಿಳಿಯದು. ತರಗತಿಯಲ್ಲಿ ಆ ಯಜಮಾನನ ಸ್ಥಾನದಲ್ಲಿರುವವನು ಅಧ್ಯಾಪಕ. ಅವನೆದುರು ಮಗು ‘ಬೇಡ’ ಎನ್ನುವುದು ಸುಲಭವಲ್ಲ.

ಕತ್ತರಿಯೇ ಬೇಡ ಎಂದಲ್ಲ. ನಲವತ್ತು ನಿಮಿಷವನ್ನು ಐದಕ್ಕೆ ಇಳಿಸಲೇಬೇಕು. ಉದ್ದವಾಯಿತೆಂದು ತೆಗೆಯುವುದು ಬೇರೆ, ನಾಚಿಕೆಯಾಯಿತೆಂದು ತೆಗೆಯುವುದು ಬೇರೆ. ಮೊದಲನೆಯದರ ಕಾರಣವನ್ನು ಹುಡುಗಿಗೆ ಮುಖ ನೋಡಿ ಹೇಳಬಹುದು. ಎರಡನೆಯದನ್ನು ಹೇಳಲಾಗುವುದಿಲ್ಲ, ಆದರೂ ಸಿದ್ಧವಾದ ಚಿತ್ರದಲ್ಲಿ ಅಜ್ಜಿ ಇಲ್ಲದ್ದನ್ನು ಅವಳು ತರಗತಿಯೆಲ್ಲರ ನಡುವೆ ಕುಳಿತು ನೋಡುತ್ತಾಳೆ, ಅರ್ಥಮಾಡಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅವಳಿಗೆ ಕನ್ನಡವೆಂದರೆ ಅಜ್ಜಿಯನ್ನು ಹೊರಗಿಟ್ಟ ಭಾಷೆ. ಮಲಯಾಳ ಬೆರೆತ ನಮ್ಮ ಮನೆಗಳ ಮಕ್ಕಳಿಗೂ ಇದು ತಿಳಿಯದ್ದೇನಲ್ಲ. ಹೊರಗಿನವರ ಕೊಂಕನ್ನು ಸಹಿಸಬಹುದು, ಇದನ್ನು ಸಹಿಸಲಾಗದು ಎಂದೇ ನನಗನಿಸುತ್ತದೆ.

ಅಜ್ಜಿಯ ಮಾತು ಇರಲಿ, ಕೆಳಗೆ ಕನ್ನಡದ ಸಾಲನ್ನು ಹುಡುಗಿಯೇ ಬರೆಯಲಿ. ಸರಿಯಾದ ಪದ ಸಿಗದಿದ್ದರೆ ಅವಳು ಮನೆಗೆ ಹೋಗಿ ಅಜ್ಜಿಯನ್ನೇ ಮತ್ತೊಮ್ಮೆ ಕೇಳಬೇಕಾಗುತ್ತದೆ.